ಸಸ್ಯಮೂಲವೆಂದರೆ ನಿರಪಾಯವೇ?

ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಯಾವುದೋ ಎಲೆಯ ಸಾರ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂಬ ಸುದ್ದಿ ಬಂದರೆ ಸಾಕು, ಅದರ ಕಷಾಯವೇ ಮದ್ದೆಂಬ ಮಾತು ಊರೂರಿಗೆ ಹರಡುತ್ತದೆ. ಗಾಜಿನ ತಟ್ಟೆಯಲ್ಲಿ ಕೋಶ ಸಾಯುವುದಕ್ಕೂ ಹಾಸಿಗೆ ಹಿಡಿದ ರೋಗಿ ಎದ್ದು ಓಡಾಡುವುದಕ್ಕೂ ನಡುವೆ ದಾರಿ ಎಷ್ಟು ದೂರ ಎಂಬುದಕ್ಕೆ ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತದ ಚರಿತ್ರೆಯನ್ನು ನೋಡಬೇಕು.

ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್‌ಸುಖ್ ವಾಣಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಇದನ್ನು ಬೇರ್ಪಡಿಸಿದರು. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲೂ ಇದೇ ವಸ್ತು ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿಕೊಟ್ಟರು. ಇಲಿಗಳ ರಕ್ತಕ್ಯಾನ್ಸರನ್ನು ಅದು ಚೆನ್ನಾಗಿಯೇ ಹತ್ತಿಕ್ಕಿತ್ತು. ಆದರೆ ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗಲೆಂದು ಸೋಡಿಯಂ ಲವಣವಾಗಿ ಮಾರ್ಪಡಿಸಿದಾಗ ಅಣುವಿನ ಉಂಗುರವೊಂದು ತೆರೆದುಕೊಂಡು ಅದರ ಶಕ್ತಿ ಕುಂದಿತು. ಮೂತ್ರದ ಆಮ್ಲೀಯತೆಯಲ್ಲಿ ಆ ಉಂಗುರ ಮತ್ತೆ ಮುಚ್ಚಿಕೊಂಡು, ರೋಗಿಗಳ ಮೂತ್ರಕೋಶದಲ್ಲಿ ರಕ್ತಸ್ರಾವವಾಯಿತು. 1970ರ ದಶಕದ ಆರಂಭದಲ್ಲೇ ಪ್ರಯೋಗಗಳನ್ನು ಕೈಬಿಡಬೇಕಾಯಿತು.

ಅದು ಕೋಶಗಳನ್ನು ಹೇಗೆ ಕೊಲ್ಲುತ್ತದೆ ಎಂಬುದು ತಿಳಿದದ್ದು 1985ರಲ್ಲಿ. ಕೋಶ ವಿಭಜನೆಗೆ ಅಣಿಯಾಗುವಾಗ ಡಿಎನ್‌ಎ ಹುರಿಹಗ್ಗದಂತೆ ಬಿಗಿದುಕೊಳ್ಳುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಅದರ ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಈ ಬೆಸುಗೆಯನ್ನೇ ತಡೆಯುತ್ತದೆ. ಹಾಗಾಗಿ ಬೇಗ ಬೇಗ ವಿಭಜನೆಗೊಳ್ಳುವ ಕೋಶಗಳು ಮೊದಲು ಸಾಯುತ್ತವೆ. ಕ್ಯಾನ್ಸರ್ ಕೋಶಗಳ ಜೊತೆಗೆ ಅಸ್ಥಿಮಜ್ಜೆಯ, ಕರುಳಿನ ಒಳಪದರದ ಕೋಶಗಳೂ ಅದಕ್ಕೆ ಬಲಿಯಾಗುತ್ತವೆ. ಮದ್ದಾಗಿಸುವ ಗುಣವೇ ಅದನ್ನು ವಿಷವನ್ನಾಗಿಯೂ ಮಾಡುತ್ತದೆ. ಇದನ್ನು ತಯಾರಿಸುವ ಕೆಲವು ಗಿಡಗಳಲ್ಲಿ ಈ ಕಿಣ್ವದ ರಚನೆಯೇ ತುಸು ಬದಲಾಗಿದೆ. ಅವು ಬದುಕಿರುವುದು ಹಾಗೆ.

ಅಣುವನ್ನು ತಿದ್ದಿ ಪಡೆದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ, ಅಂದರೆ ಮೂವತ್ತು ವರ್ಷಗಳ ಮೇಲೆ. ಅವನ್ನೂ ರೋಗಿಯ ರಕ್ತಪರೀಕ್ಷೆ ನೋಡಿಕೊಂಡು, ಪ್ರಮಾಣ ಲೆಕ್ಕ ಹಾಕಿಯೇ ಕೊಡುತ್ತಾರೆ. ಮರದ ತೊಗಟೆಯ ಪುಡಿಯಲ್ಲಿ ಈ ಲೆಕ್ಕ ಇರುವುದಿಲ್ಲ. ಮರದಿಂದ ಮರಕ್ಕೆ, ಭಾಗದಿಂದ ಭಾಗಕ್ಕೆ ಕ್ಯಾಂಪ್ಟೊಥೆಸಿನ್‌ನ ಅಂಶ ಬೇರೆಯಾಗುತ್ತದೆ.

ಹಾಗಾದರೆ ಗಿಡದ ಪಾತ್ರ ಕಿರಿದೇ? ಖಂಡಿತ ಇಲ್ಲ. ಇಂಥದೊಂದು ಅಣುವಿರಬಹುದೆಂದು ಯಾವ ವಿಜ್ಞಾನಿಯೂ ಮೊದಲೇ ಊಹಿಸಿರಲಿಲ್ಲ. ಅದನ್ನು ಕೊಟ್ಟದ್ದು ಕಾಡು. ನಮ್ಮ ಕಾಡಿನ ದುರ್ವಾಸನೆ ಮರವನ್ನೇ ಇದೇ ವಸ್ತುವಿಗಾಗಿ ಕಡಿದು ಅಪಾಯಕ್ಕೆ ದೂಡಿದ್ದೇವೆ. ಸಸ್ಯದ ಮೇಲಿನ ಗೌರವ ನಿಜವಾದರೆ ಮರವನ್ನು ಉಳಿಸೋಣ. ಕ್ಯಾನ್ಸರ್ ಬಂದವರು ಕಷಾಯ ನಂಬಿ ಚಿಕಿತ್ಸೆ ಮುಂದೂಡದಿರಲಿ. ಕುಡಿಯುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡದಿರಲಿ.