ಆಯಮ್ಮನ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿ

2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ ಇ-ಮೇಲ್ ಬಂತು. ಪೊಲೀಸರು ಬಂದರು, ಶ್ವಾನದಳ ಬಂತು. ಮಕ್ಕಳನ್ನೂ ಮೇಷ್ಟ್ರುಗಳನ್ನೂ ಆಚೆ ಕಳಿಸಿ ಹುಡುಕಿದರು. ಬಾಂಬ್ ಇರಲಿಲ್ಲ. ಆದರೂ ಹುಡುಕಿದ್ದು ಸರಿಯೇ. ಶಾಲೆಯೊಳಗಿನ ಜೀವಕ್ಕೆ ಬೆಲೆ ಇದೆ.

ಅದೇ ತಿಂಗಳು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕು ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಇಲ್ಲಿ ಅಪಾಯ ಸುಳ್ಳು ಸುದ್ದಿಯಲ್ಲ, ಕಣ್ಣೆದುರಿಗೇ ಇತ್ತು. ವಿಡಿಯೋ ಹೊರಬರುವ ತನಕ ಯಾರೂ ಬರಲಿಲ್ಲ. ಆಮೇಲೆ ಬಂಧನ, ಅಮಾನತು ಎಲ್ಲ ಆಯಿತು. ಬೆಂಗಳೂರಿನ ಅಂದ್ರಹಳ್ಳಿ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಲಿ ಕಕ್ಕಸು ತೊಳೆಸಿದ ಸುದ್ದಿಯೂ ಅದೇ ತಿಂಗಳದ್ದು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಾರದು ಅಂತ ಇಲಾಖೆ ಸುತ್ತೋಲೆ ಹೊರಡಿಸಿತು. ಒಳ್ಳೇದು. ನಾವು ಕೇಳೋದು ಒಂದೇ ಪ್ರಶ್ನೆ: ಮಗುವಿನ ಕೈಯಿಂದ ಕಿತ್ತುಕೊಂಡ ಪೊರಕೆ ಆಮೇಲೆ ಯಾರ ಕೈಗೆ ಹೋಯಿತು?

ಉತ್ತರ ಬೇಕಾದವರು ಬೆಳಿಗ್ಗೆ ಏಳು ಗಂಟೆಗೆ ಮಾವಳ್ಳಿ, ಕಲಾಸಿಪಾಳ್ಯ, ವಿಶ್ವೇಶ್ವರಪುರ, ಬಸವನಗುಡಿ ಕಡೆ ಒಂದು ಸುತ್ತು ಹಾಕಲಿ. ಬೆಲ್ ಹೊಡೆಯೋಕೆ ಮುಂಚೆ ಶಾಲೆಯ ಗೇಟು ದಾಟಿ ಒಳಗೆ ಹೋಗುವವಳು ಆಯಮ್ಮ. ಕಸ ಗುಡಿಸೋಳು ಅವಳು, ಕಕ್ಕಸು ತೊಳೆಯೋಳು ಅವಳು, ಮಗು ವಾಂತಿ ಮಾಡಿದರೆ ಬಳಿಯೋಳು ಅವಳು. ಅವಳು ಯಾವ ಕೇರಿಯಿಂದ ಬಂದವಳು ಅಂತ ಕೇಳಬೇಕಾಗಿಲ್ಲ. ನಮ್ಮ ಅಕ್ಕ, ನಮ್ಮ ಅತ್ತೆ, ನಮ್ಮ ಅವ್ವ. ಎಷ್ಟೋ ಕಡೆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರೋದಿಲ್ಲ. ಒದ್ದೆ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡರೆ, "ಅವರು ನಮ್ಮ ಸಿಬ್ಬಂದಿಯಲ್ಲ, ಕಾಂಟ್ರಾಕ್ಟರನ್ನ ಕೇಳಿ" ಅಂತಾರೆ. ಕಾಂಟ್ರಾಕ್ಟರ್ ಹೊಸ ಆಯಮ್ಮನನ್ನ ಕಳಿಸ್ತಾನೆ. ಅಲ್ಲಿಗೆ ಕಥೆ ಮುಗೀತು.

ಅವಳ ಕೈಗೆ ಕೊಡೋದು ಏನು ಅಂತ ನೋಡಿ. ಒಂದು ಬಾಟಲಿ ಆಸಿಡ್, ಒಂದು ಪೊಟ್ಟಣ ಬ್ಲೀಚಿಂಗ್ ಪೌಡರ್. ಎರಡೂ ಬೇರೆಬೇರೆಯಾಗಿಯೇ ಕೈ ಸುಡುತ್ತವೆ. ಕಲೆ ಬೇಗ ಹೋಗಲಿ ಅಂತ ಒಂದರ ಮೇಲೊಂದು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಯಾಡದ ಕಕ್ಕಸಿನಲ್ಲಿ ಬಾಗಿ ಕೂತು ಉಜ್ಜೋಳಿಗೆ ಕಣ್ಣುರಿ, ಕೆಮ್ಮು, ಉಬ್ಬಸ ಬಂದರೆ "ವಯಸ್ಸಾಯ್ತು ಆಯಮ್ಮ" ಅಂತಾರೆ. ಬಾಟಲಿ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತೆ. ಅದೇ ಕಟ್ಟಡದಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಷ್ಟ್ರು ಇರ್ತಾರೆ, ಅವಳಿಗೆ ಮಾತ್ರ ಯಾರೂ ಹೇಳಿಕೊಟ್ಟಿರೋದಿಲ್ಲ.

ಗುಂಡಿಯದ್ದು ಇನ್ನೂ ಘೋರ. ಅಲ್ಲಿ ಏಳುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತೆ. ಹೆಚ್ಚಾದಾಗ ಮೂಗೇ ಸತ್ತುಹೋಗಿ ವಾಸನೆ ತಿಳಿಯೋದಿಲ್ಲ. ವಾಸನೆ ಇಲ್ಲ ಅಂತ ಇಳಿದವನು ಬೀಳ್ತಾನೆ, ಅವನನ್ನ ಎತ್ತೋಕೆ ಇಳಿದವನೂ ಬೀಳ್ತಾನೆ.

ಕಾನೂನು ಇಲ್ಲವೇ? ಇದೆ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ಈ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. 1993ರಲ್ಲಿ ಒಂದು ಕೇಂದ್ರ ಕಾಯ್ದೆ, 2013ರಲ್ಲಿ ಇನ್ನೊಂದು. ಪರಿಶಿಷ್ಟರನ್ನು ಮಲ ಬಳಿಯೋಕೆ ಹಚ್ಚೋದು ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕು ಅಂದಿತು. ಸತ್ತ ಮೇಲೆ 30 ಲಕ್ಷ, ಬದುಕಿರುವಾಗ ಒಂದು ಜೊತೆ ಗ್ಲೌಸಿಗೆ ಗತಿ ಇಲ್ಲ. ಇದೆಂಥ ಲೆಕ್ಕ?

"ಗ್ಲೌಸು ಕೊಟ್ಟರೂ ಹಾಕೋದಿಲ್ಲ ಸ್ವಾಮಿ" ಅಂತ ಆಡಳಿತದವರು ದೂರುತ್ತಾರೆ. ಗಂಡಸಿನ ಅಳತೆಯ ಗ್ಲೌಸು ಹೆಂಗಸಿಗೆ ಕೊಟ್ಟರೆ ಪೊರಕೆ ಹಿಡಿಯೋಕಾಗಲ್ಲ. ತೂತು ಬಿದ್ದ ಗ್ಲೌಸಿನೊಳಗೆ ಆಸಿಡ್ ನಿಂತರೆ ಬರಿಗೈಗಿಂತ ಕೆಡುಕು. ಅರ್ಧ ಗಂಟೆಯಲ್ಲಿ ಇಷ್ಟು ಕಕ್ಕಸು ಮುಗಿಸು ಅಂತ ತಲೆ ಮೇಲೆ ಕೂತರೆ ಯಾರಿಗೆ ಪುರುಸೊತ್ತು? ತಪ್ಪನ್ನು ಅವಳ ಮೇಲೆ ಹೊರಿಸೋದು ಸುಲಭ.

ಇದು ಸಂಘಗಳ ಸಣ್ಣ ಬೇಡಿಕೆ, ನಮ್ಮ ಚಳವಳಿಗೇನು ಅನ್ನುವವರೂ ಇದ್ದಾರೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ನೋಡಿಕೊಂಡದ್ದು ಕಾರ್ಮಿಕ ಖಾತೆಯನ್ನ. ದುಡಿಯೋರ ಮೈಕೈ ಕಾಯೋದು ಅವರಿಗೆ ಸಣ್ಣದಾಗಿರಲಿಲ್ಲ. ಇದೇ ಊರಿನ ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಬೀದಿಗೆ ಬಂದರು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ಆದೇಶ ಸಿಕ್ಕಿತು. ಬೀದಿ ಗುಡಿಸುವವರ ಹೆಸರು ಪುಸ್ತಕಕ್ಕೆ ಬಂತು. ಶಾಲೆ ಗುಡಿಸುವವಳದ್ದು ಯಾಕೆ ಬರಬಾರದು?

ನಾವು ಕೇಳೋದು ಇಷ್ಟು:

1. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಯಮ್ಮನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರಬೇಕು. ಗಾಯವಾದರೆ ಆಸ್ಪತ್ರೆ ಖರ್ಚು, ರಜೆಯ ಸಂಬಳ ಶಾಲೆಯದ್ದೇ.

2. ಆಸಿಡ್ ನಿಲ್ಲಲಿ. ಅವಳ ಅಳತೆಯ ಗ್ಲೌಸು, ಬೂಟು, ಉದ್ದ ಹಿಡಿಯ ಬ್ರಷ್ ಬರಲಿ. ಹರಿದ ದಿನವೇ ಬದಲಾಗಲಿ. ಯಾವುದನ್ನು ಯಾವುದರ ಜೊತೆ ಬೆರೆಸಬಾರದು ಅಂತ ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ.

3. ಗುಂಡಿಗೆ ಯಂತ್ರ ಮಾತ್ರ. ಮಗುವೂ ಬೇಡ, ಮನುಷ್ಯನೂ ಬೇಡ.

4. ಕೈಕಾಲು ತೊಳೆಯೋಕೆ ಸೋಪು ನೀರು, ಸೀರೆ ಬದಲಾಯಿಸೋಕೆ, ಊಟಕ್ಕೆ ಕೂರೋಕೆ ಒಂದು ಕೋಣೆ. ಕಕ್ಕಸಿನ ಪಕ್ಕದ ಮೂಲೆಯಲ್ಲ.

ಮಾವಳ್ಳಿಯ ಎಂಟಿಆರ್ ಹೋಟೆಲಿನಲ್ಲಿ ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗುತ್ತಿದ್ದರಂತೆ. ಫೀಸು ಕಟ್ಟುವ ತಾಯ್ತಂದೆಯರಿಗೆ ಶಾಲೆಯವರು ಕಂಪ್ಯೂಟರ್ ಕೋಣೆ ತೋರಿಸ್ತಾರೆ. ಬಂಧುಗಳೇ, ಮುಂದಿನ ಪೋಷಕರ ಸಭೆಯಲ್ಲಿ ನೀವು ಎದ್ದು ನಿಂತು ಕೇಳಿ: "ಕಕ್ಕಸು ತೋರಿಸಿ. ತೊಳೆಯೋರ ಬಕೆಟ್ ತೋರಿಸಿ. ಹಾಜರಿ ಪುಸ್ತಕ ತೋರಿಸಿ." ಆಯಮ್ಮ ತಾನೇ ಕೇಳಿದರೆ ನಾಳೆ ಅವಳಿಗೆ ಕೆಲಸ ಇರೋದಿಲ್ಲ. ಅವಳ ಪರವಾಗಿ ನಾವು ಕೇಳಬೇಕು.