ಸೇನಾಪತಿಗೆ ಬೇಡ ಎನ್ನುವವರು ಯಾರು?

ಕರ್ಟಿಸ್ ಲೆಮೇ ವೀರನೋ ರಾಕ್ಷಸನೋ ಎಂಬ ವಾದ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ. 1945ರಲ್ಲಿ ಜಪಾನಿನ ಅರವತ್ತಕ್ಕೂ ಹೆಚ್ಚು ಊರುಗಳನ್ನು ಬೆಂಕಿಬಾಂಬು ಸುರಿದು ಸುಟ್ಟ ಪಡೆಯ ಸೇನಾಪತಿ ಆತ. ಯುದ್ಧದ ನಂತರ ಅಣ್ವಸ್ತ್ರ ಹೊರುವ ವಿಮಾನದಳವನ್ನು ಕಟ್ಟಿ ಬೆಳೆಸಿದ. 1961ರಿಂದ 1965ರವರೆಗೆ ವಾಯುಪಡೆಯ ಮುಖ್ಯಸ್ಥನಾಗಿದ್ದ. ರಾಕ್ಷಸ ಎಂದುಬಿಟ್ಟರೆ ನಮಗೆ ನಿರಾಳ, ಏಕೆಂದರೆ ರಾಕ್ಷಸರು ಅಪರೂಪ. ಆದರೆ ಸೈನಿಕನಲ್ಲಿ ಇರಬೇಕು ಎಂದು ನಾವು ಬಯಸುವ ಗುಣಗಳೆಲ್ಲ ಈತನಲ್ಲಿದ್ದವು. ಆ ಗುಣಗಳಿದ್ದವನಿಗೆ ಎಲ್ಲಿ ನಿಲ್ಲಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆಯೇ? ಇಲ್ಲ ಎಂದೇ ನನಗೆ ತೋರುತ್ತದೆ.

ಒಹಾಯೊ ರಾಜ್ಯದ ಬಡ ಮನೆಯ ಹುಡುಗ, ಓದಿದ್ದು ಸಿವಿಲ್ ಎಂಜಿನಿಯರಿಂಗ್. 1942ರ ಕೊನೆಯಲ್ಲಿ ಬಿ-17 ವಿಮಾನಗಳ ಗುಂಪಿನೊಂದಿಗೆ ಇಂಗ್ಲೆಂಡಿಗೆ ಬಂದಾಗ, ಪೈಲಟ್‌ಗಳು ನೆಲದ ಫಿರಂಗಿಗಳಿಗೆ ಹೆದರಿ ಗುರಿಯ ಮೇಲೆ ಅಂಕುಡೊಂಕಾಗಿ ಹಾರುತ್ತಿದ್ದರು. ಬಾಂಬುಗಳು ಎಲ್ಲೆಲ್ಲೋ ಬೀಳುತ್ತಿದ್ದವು. ಲೆಮೇ ಲೆಕ್ಕ ಹಾಕಿ, ನೇರವಾಗಿ ಹಾರಿದರೂ ಬದುಕಬಹುದು ಎಂದ. ಹೇಳಿ ಕೂರಲಿಲ್ಲ, ಮುಂಚೂಣಿಯ ವಿಮಾನದಲ್ಲಿ ತಾನೇ ಕೂತ. 1943ರ ಆಗಸ್ಟ್ 17ರಂದು ರೆಗೆನ್ಸ್‌ಬರ್ಗ್ ಮೇಲೆ ಹೋದ 146 ವಿಮಾನಗಳ ತಲೆಯಲ್ಲಿದ್ದವನೂ ಆತನೇ. 24 ವಿಮಾನಗಳು ಅಂದು ನಷ್ಟವಾದವು. ಅಧಿಕಾರಿಯೆಂದರೆ ಹೀಗಿರಬೇಕು ಎಂದು ಯಾರಾದರೂ ಹೇಳುವಂಥ ನಡವಳಿಕೆ.

ಇಲ್ಲೇ ಒಂದು ಜಾರುದಾರಿಯಿದೆ. ತನ್ನ ಪ್ರಾಣವನ್ನು ಪಣಕ್ಕಿಟ್ಟವನಿಗೆ ಮಿಕ್ಕವರ ಪ್ರಾಣದ ಮೇಲೂ ಏನೋ ಅಧಿಕಾರ ಬಂತು ಎಂದು ನಾವು ಒಳಗೊಳಗೇ ಒಪ್ಪಿಕೊಂಡುಬಿಡುತ್ತೇವೆ. ತನ್ನ ಹುಡುಗರ ಮಟ್ಟಿಗೆ ಅದು ಸರಿಯಿರಬಹುದು. ಕೆಳಗಿನ ಊರಿನವರು ಆ ಒಪ್ಪಂದಕ್ಕೆ ಯಾವಾಗ ಸಹಿ ಹಾಕಿದರು?

1944ರ ಆಗಸ್ಟ್‌ನಲ್ಲಿ ಲೆಮೇ ಬಂಗಾಳದ ಖರಗ್‌ಪುರಕ್ಕೆ ಬಂದ. (ಅಲ್ಲಿ ಅಮೆರಿಕನ್ನರು ಬಳಸಿದ ಹಿಜ್ಲಿ ಬಂದೀಖಾನೆಯ ಕಟ್ಟಡದಲ್ಲೇ ಮುಂದೆ ದೇಶದ ಮೊದಲ ಐಐಟಿ ಶುರುವಾಯಿತು.) ಹಿಮಾಲಯ ದಾಟಿಸಿ ಚೀನಾದ ಚೆಂಗ್ಡುವಿಗೆ ಪೆಟ್ರೋಲು, ಬಾಂಬು ಹೊತ್ತು, ಅಲ್ಲಿಂದ ಜಪಾನಿನ ಮೇಲೆ ಹೋಗುವ ದುಬಾರಿ ಯೋಜನೆ ಅದು. ಆ ಡಿಸೆಂಬರ್ 18ರಂದು ಆತನ ಬಿ-29ಗಳು ಬೆಂಕಿಬಾಂಬು ಹಾಕಿದ್ದು ಹಾಂಕೌ ಮೇಲೆ. ಜಪಾನಿನ ವಶದಲ್ಲಿದ್ದರೂ ಅದು ಚೀನೀ ನಗರ, ಅಂದರೆ ಮಿತ್ರರ ಊರು. ಬಂದರಿನ ದಾಸ್ತಾನುಗಳ ಬೆಂಕಿ ಮೂರು ದಿನ ಆರಲಿಲ್ಲ. ಪ್ರಯೋಗ ಫಲಿಸಿತು ಎಂದು ದಾಖಲಾಯಿತು.

ಅದೇ ಹೊತ್ತಿಗೆ ಪೆಸಿಫಿಕ್‌ನ ಮರಿಯಾನಾ ದ್ವೀಪಗಳಲ್ಲಿ ಹೇವುಡ್ ಹ್ಯಾನ್ಸೆಲ್ ಎಂಬ ಇನ್ನೊಬ್ಬ ಜನರಲ್, ವಿಮಾನ ಕಾರ್ಖಾನೆಗಳಿಗೇ ಗುರಿಯಿಟ್ಟು ಬಾಂಬು ಹಾಕಲು ಹೆಣಗುತ್ತಿದ್ದ. ಮೂವತ್ತು ಸಾವಿರ ಅಡಿ ಎತ್ತರದ ಬಿರುಗಾಳಿ ಬಾಂಬುಗಳನ್ನು ಚೆಲ್ಲಾಡುತ್ತಿತ್ತು. ವಾಷಿಂಗ್ಟನ್ನಿಗೆ ತಾಳ್ಮೆಯಿರಲಿಲ್ಲ: ಬಿ-29ಕ್ಕೆ ಸುರಿದ ಹಣ ಅಣುಬಾಂಬಿಗಿಂತಲೂ ಹೆಚ್ಚು, ಅದಕ್ಕೆ ಫಲ ತೋರಿಸಲೇಬೇಕಿತ್ತು. 1945ರ ಜನವರಿಯಲ್ಲಿ ಹ್ಯಾನ್ಸೆಲ್‌ನನ್ನು ತೆಗೆದು ಲೆಮೇಯನ್ನು ಕೂರಿಸಿದರು. ಲೆಮೇಯ ಬೆನ್ನು ಹತ್ತುವವರು ಈ ವರ್ಗಾವಣೆಯ ಕಡೆ ಸಾಕಷ್ಟು ನೋಡಿಲ್ಲ. ಊರು ಸುಡಿ ಎಂಬ ಒಂದೇ ಒಂದು ಸ್ಪಷ್ಟ ಆಜ್ಞೆಗಾಗಿ ಹುಡುಕಬೇಕಿಲ್ಲ. ಯಾರನ್ನು ತೆಗೆದರು, ಯಾರನ್ನು ಕೂರಿಸಿದರು ಎಂಬುದರಲ್ಲೇ ಅಪ್ಪಣೆಯಿತ್ತು.

ಮಾರ್ಚ್ 9ರ ರಾತ್ರಿ ಬಂದೂಕುಗಳನ್ನು ಕಳಚಿಸಿ, ಐದರಿಂದ ಒಂಬತ್ತು ಸಾವಿರ ಅಡಿಗೆ ವಿಮಾನ ಇಳಿಸಿ, ಮರದ ಮನೆಗಳ ಟೋಕಿಯೊ ಮೇಲೆ ಸುಮಾರು 280 ವಿಮಾನಗಳು ನೇಪಾಮ್ ಸುರಿದವು. 41 ಚದರ ಕಿಲೋಮೀಟರ್ ಬೂದಿಯಾಯಿತು. ಸತ್ತವರು ಸುಮಾರು ಒಂದು ಲಕ್ಷ. ಹದಿನಾಲ್ಕು ವಿಮಾನಗಳು ಕಳೆದುಹೋದವು, ಲೆಮೇ ಅಂಜಿದ್ದಕ್ಕಿಂತ ಎಷ್ಟೋ ಕಡಿಮೆ. ಹತ್ತೇ ದಿನಗಳಲ್ಲಿ ನಗೋಯಾ, ಒಸಾಕಾ, ಕೋಬೆ, ಮತ್ತೆ ನಗೋಯಾ; ಬೆಂಕಿಬಾಂಬಿನ ದಾಸ್ತಾನು ಮುಗಿದದ್ದರಿಂದ ಬಿಡುವು.

ಸಮರ್ಥಕರ ವಾದವನ್ನು ತಳ್ಳಿಹಾಕುವಂತಿಲ್ಲ. ಜಪಾನಿನ ಸಣ್ಣ ಕೈಗಾರಿಕೆ ಆ ಮನೆಗಳ ನಡುವೆಯೇ ಹರಡಿತ್ತು. ನವೆಂಬರಿನಲ್ಲಿ ಕ್ಯೂಶು ದ್ವೀಪಕ್ಕೆ ಸೇನೆ ಇಳಿಯಬೇಕಿತ್ತು; ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜಪಾನೀ ಆಳ್ವಿಕೆಯಡಿ ಜನ ದಿನವೂ ಸಾಯುತ್ತಿದ್ದರು. ಟೋಕಿಯೊ ಮಟ್ಟಿಗೆ ಈ ಲೆಕ್ಕಕ್ಕೆ ತಲೆದೂಗುವವರನ್ನು ನಾನು ನಿರ್ದಯಿಗಳು ಎನ್ನಲಾರೆ. ಆದರೆ ಆಗಸ್ಟ್ ಮೊದಲ ರಾತ್ರಿ ಟೊಯಾಮಾ ಎಂಬ ಮಧ್ಯಮ ಊರು ಹೆಚ್ಚೂಕಡಿಮೆ ಪೂರ್ತಿ ಸುಟ್ಟುಹೋದದ್ದು ಯಾವ ಲೆಕ್ಕಕ್ಕೆ? ಆ ಹೊತ್ತಿಗೆ ಸಮುದ್ರದ ದಾರಿಗಳು ಜಲಾಂತರ್ಗಾಮಿಗಳಿಂದಲೂ, ಲೆಮೇಯ ವಿಮಾನಗಳೇ ಬಿತ್ತಿದ ನೆಲಬಾಂಬಿನಂಥ ಜಲಸ್ಫೋಟಕಗಳಿಂದಲೂ ಮುಚ್ಚಿದ್ದವು. ದೊಡ್ಡ ಊರುಗಳು ಮುಗಿದವು, ಪಟ್ಟಿ ಸಣ್ಣ ಊರುಗಳಿಗೆ ಇಳಿಯಿತು. ಎಷ್ಟು ಸುಟ್ಟಿತು ಎಂಬುದೇ ಅಳತೆಯಾದಾಗ ಕೆಲಸ ಮುಗಿಯಿತು ಎಂದು ಹೇಳುವವರೇ ಇರುವುದಿಲ್ಲ.

ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಗ ಆತನ ಕೈಕೆಳಗೆ ಅಂಕಿಅಂಶ ನೋಡುತ್ತಿದ್ದ ರಾಬರ್ಟ್ ಮೆಕ್‌ನಮಾರಾ 2003ರ ಸಾಕ್ಷ್ಯಚಿತ್ರವೊಂದರಲ್ಲಿ, ಸೋತಿದ್ದರೆ ನಮ್ಮನ್ನೇ ಯುದ್ಧಾಪರಾಧಿಗಳೆಂದು ವಿಚಾರಣೆಗೆ ಎಳೆಯುತ್ತಿದ್ದರು ಎಂದು ಲೆಮೇ ಹೇಳಿದ್ದನ್ನು ನೆನೆದಿದ್ದಾನೆ. ಮೇಲಿನವರಿಗೂ ಗೊತ್ತಿತ್ತು. ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ ಜೂನ್ 6ರಂದು ಅಧ್ಯಕ್ಷ ಟ್ರೂಮನ್ ಎದುರು, ಕ್ರೌರ್ಯದಲ್ಲಿ ಹಿಟ್ಲರನನ್ನೂ ಮೀರಿಸಿದೆವೆಂಬ ಹೆಸರು ಬರಬಾರದು ಎಂದ. ಅದೇ ಉಸಿರಿನಲ್ಲಿ, ಊರುಗಳೆಲ್ಲ ಹೀಗೆ ಸುಟ್ಟರೆ ಹೊಸ ಬಾಂಬಿನ ಶಕ್ತಿ ತೋರಿಸಲು ಜಾಗವೇ ಉಳಿಯದು ಎಂಬ ಆತಂಕವನ್ನೂ ಸೇರಿಸಿದ. ಲೆಮೇಯ ಯಾವ ಒರಟು ಮಾತಿಗಿಂತಲೂ ಈ ಸಭ್ಯ ತನ್ನ ದಿನಚರಿಯಲ್ಲಿ ಬರೆದಿಟ್ಟ ಈ ಮಾತು ನನ್ನನ್ನು ಹೆಚ್ಚು ಕಂಗೆಡಿಸುತ್ತದೆ. ಅಳುಕು ಇತ್ತು, ಅಳುಕು ಆಜ್ಞೆಯಾಗಲಿಲ್ಲ.

ಹದಿನೇಳು ವರ್ಷಗಳ ನಂತರ ಅದೇ ಲೆಮೇ, ಅದೇ ಧೈರ್ಯ, ಅದೇ ನೇರ ಮಾತು. 1962ರ ಅಕ್ಟೋಬರಿನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ತಕ್ಷಣ ಬಾಂಬು ಹಾಕಬೇಕೆಂದು ಪಟ್ಟು ಹಿಡಿದ. ಬಾಂಬಿನ ಬದಲು ಹಡಗುಗಳನ್ನು ಅಡ್ಡಗಟ್ಟುವುದನ್ನು ಹಿಟ್ಲರನೆದುರಿನ 1938ರ ಮ್ಯೂನಿಕ್ ಶರಣಾಗತಿಗೆ ಹೋಲಿಸಿ ಅಧ್ಯಕ್ಷ ಕೆನಡಿಯನ್ನು ಮುಖದ ಮೇಲೇ ಚುಚ್ಚಿದ. ಕೆನಡಿ ಜಗ್ಗಲಿಲ್ಲ. ದಾಳಿಗಿಳಿಯುವ ಸೇನೆಯ ಮೇಲೆ ಪ್ರಯೋಗಿಸಲು ಸಣ್ಣ ಅಣ್ವಸ್ತ್ರಗಳು ಆ ದ್ವೀಪದಲ್ಲಿ ಆಗಲೇ ಇದ್ದವೆಂಬುದು ಅಮೆರಿಕನ್ನರಿಗೆ ತಿಳಿದದ್ದು ಮೂವತ್ತು ವರ್ಷಗಳ ಮೇಲೆ. ಕ್ಷಿಪಣಿಗಳು ವಾಪಸು ಹೊರಟ ಮೇಲೂ ಲೆಮೇ ಇದನ್ನು ದೇಶದ ಸೋಲೆಂದೇ ಕರೆದ. ಕೆನಡಿ ಆತನನ್ನು ಹುದ್ದೆಯಿಂದ ತೆಗೆಯಲಿಲ್ಲ; ಮಾತು ಕೇಳಿಸಿಕೊಂಡ, ಅದರಂತೆ ನಡೆಯಲಿಲ್ಲ.