ಅಳಿಸಿಹಾಕಿದ ಐದನೇ ಚುಕ್ಕಿ

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ಎಲ್‌ಇಡಿ ಇಟ್ಟುಕೊಂಡು ಪ್ಲಾಂಕ್ ಸ್ಥಿರಾಂಕ ಕಂಡುಹಿಡಿದದ್ದು ನೆನಪಿದೆ ಅಲ್ವಾ? ಉತ್ತರ 6.6ರ ಆಸುಪಾಸು ಬರಬೇಕು ಅನ್ನೋದು ನಮಗೆ ಮೊದಲೇ ಗೊತ್ತು. ನಾಲ್ಕು ಚುಕ್ಕಿಗಳು ಗೆರೆಯ ಮೇಲೆ ನೀಟಾಗಿ ಕೂತವು, ಐದನೆಯದು ಮಾತ್ರ ದೂರ ಹೋಗಿ ನಿಂತಿತು. ನಾವೇನು ಮಾಡಿದ್ವಿ? "ವೈರ್ ಲೂಸ್ ಇರ್ಬೇಕು ಬಿಡೋ" ಅಂತ ರಬ್ಬರ್ ತಗೊಂಡು ಅಳಿಸಿದ್ವಿ. ಅದೇ ಚುಕ್ಕಿ ನಮಗೆ ಬೇಕಾದ ಕಡೆ ಬಿದ್ದಿದ್ದರೆ ವೈರ್ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಈ ಅಭ್ಯಾಸ ಲ್ಯಾಬ್‌ನಿಂದ ಹೊರಗೂ ನಮ್ಮ ಜೊತೆ ಬರುತ್ತದೆ ಅಂತ ಗೊತ್ತಾಗಿದ್ದು ಮೊನ್ನೆ, ಕ್ಲಬ್ ಮೀಟಿಂಗ್ ಆದ ಮೇಲೆ ಕ್ಯಾಂಟೀನ್‌ನಲ್ಲಿ ಎದ್ದ ಜಗಳದಲ್ಲಿ.

ನಮ್ಮ ಗೆಳೆಯನೊಬ್ಬನಿಗೆ ಮ್ಯಾಥ್ಸ್ ಬ್ಯಾಕ್ ಇತ್ತು. ಶುಕ್ರವಾರ ಹತ್ತೂವರೆಯ ರಾಹುಕಾಲಕ್ಕೆ ಬನಶಂಕರಿ ಅಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ. ಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗಿನದು ಹೊರಗೆ ಮಗುಚಿ, ತುಪ್ಪ ಹಾಕಿ ಬತ್ತಿ ಹಚ್ಚುವ ದೀಪ. ನಮ್ಮಲ್ಲಿ ಅರ್ಧ ಜನರ ಅಮ್ಮಂದಿರು ಅಲ್ಲಿ ಸಾಲಾಗಿ ಕೂತು ಹಚ್ಚಿದವರೇ. ಬ್ಯಾಕ್ ಕ್ಲಿಯರ್ ಆಯಿತು. "ಇದಕ್ಕಿಂತ ಪ್ರೂಫ್ ಬೇಕಾ?" ಅಂದ. ಇನ್ನೊಬ್ಬ ನಕ್ಕ. ಮಾತು ಎಲ್ಲೆಲ್ಲೋ ಸುತ್ತಿ ಡಾರ್ವಿನ್ ಹತ್ತಿರ ಬಂತು. "ಮಂಗ ಮನುಷ್ಯ ಆಗಿದ್ದನ್ನ ಯಾರು ಕಣ್ಣಾರೆ ನೋಡಿದಾರೆ?" ಅಂತ ಕೇಳಿದ ನಮ್ಮ ಗೆಳೆಯ, ಹತ್ತು ನಿಮಿಷ ಬಿಟ್ಟು "ಅದೆಲ್ಲ ನಮ್ಮ ದಶಾವತಾರದಲ್ಲಿ ಮೊದಲೇ ಹೇಳಿದಾರೆ, ಮೀನು, ಆಮೆ, ಹಂದಿ, ಆಮೇಲೆ ಮನುಷ್ಯ" ಅಂದ.

ಎರಡು ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿ. ವಿಕಾಸವಾದಕ್ಕೆ ಕಣ್ಣಾರೆ ಕಂಡ ಸಾಕ್ಷಿಯೇ ಬೇಕು. ದಶಾವತಾರಕ್ಕೆ ಮೇಲ್ನೋಟದ ಹೋಲಿಕೆ ಸಾಕು! ನರಸಿಂಹ, ವಾಮನ ಈ ಸಾಲಿನಲ್ಲಿ ಹೇಗೆ ಕೂರುತ್ತಾರೆ ಅಂತ ಯಾರೂ ಕೇಳಲ್ಲ, ಅದು ಅಳಿಸಿಹಾಕಿದ ಐದನೇ ಚುಕ್ಕಿ. ಅವತಾರದ ಕಥೆಗಳು ಧರ್ಮ ಕಾಪಾಡುವ ಕಥೆಗಳು. ಅವನ್ನು ಎಳೆದು ತಂದು ಬಯಾಲಜಿ ಪರೀಕ್ಷೆಗೆ ಕೂರಿಸಿದರೆ ಕಥೆಗೂ ಅನ್ಯಾಯ, ಬಯಾಲಜಿಗೂ ಅನ್ಯಾಯ.

ಸಾಕ್ಷಿ ಅಂದರೆ ಹೇಗಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ನೀಲ್ ಶೂಬಿನ್ ಮತ್ತು ಜೊತೆಯವರು ಹೀಗೆ ಯೋಚಿಸಿದರು: ಮೀನಿನಿಂದ ನಾಲ್ಕು ಕಾಲಿನ ಪ್ರಾಣಿ ಬಂದದ್ದು ನಿಜವಾದರೆ, ಮೀನುಗಳು ಮಾತ್ರ ಇರುವ ಬಂಡೆಗಳಿಗಿಂತ ಹೊಸದಾದ, ಕಾಲಿನ ಪ್ರಾಣಿಗಳು ಸಿಗುವ ಬಂಡೆಗಳಿಗಿಂತ ಹಳೆಯದಾದ ಬಂಡೆಯಲ್ಲಿ ನಡುವಿನ ಜೀವಿ ಸಿಗಬೇಕು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ವರ್ಷಗಟ್ಟಲೆ ಹೋಗಿ ಹುಡುಕಿದರು. 2004ರಲ್ಲಿ ಸುಮಾರು 37.5 ಕೋಟಿ ವರ್ಷ ಹಳೆಯ ಟಿಕ್ಟಾಲಿಕ್ ಸಿಕ್ಕಿತು. ಮೀನಿನ ಹಾಗೆ ಹುರುಪೆ, ಆದರೆ ಚಪ್ಪಟೆ ತಲೆ, ಆಡಿಸಬಲ್ಲ ಕತ್ತು, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ. ಎಲ್ಲಿ ಸಿಗಬೇಕು ಅಂತ ಮೊದಲೇ ಹೇಳಿ ಹೊರಟವರು ಅವರು, ಸಿಗದೆ ಹೋಗಿದ್ದರೆ ಮುಖಭಂಗ. ದಶಾವತಾರದ ಹೋಲಿಕೆಯಲ್ಲಿ ಈ ಅಪಾಯವೇ ಇಲ್ಲ, ಉತ್ತರ ಬಂದ ಮೇಲೆ ಲೆಕ್ಕ ಹೊಂದಿಸೋದು ನಮ್ಮ ರೆಕಾರ್ಡ್ ಬರೆದ ಹಾಗೇ.

ದೀಪದ ವಿಷಯಕ್ಕೂ ಇದೇ ಮಾತು. ಎಂಎಲ್ ಲ್ಯಾಬ್‌ನಲ್ಲಿ ಕನ್ಫ್ಯೂಷನ್ ಮ್ಯಾಟ್ರಿಕ್ಸ್‌ನ ಒಂದೇ ಮನೆ ತುಂಬಿಸಿ ಅಕ್ಯುರೆಸಿ ಹೇಳಿದರೆ ಮೇಡಂ ಸುಮ್ಮನೆ ಬಿಡ್ತಾರಾ? ಹಚ್ಚಿ ಪಾಸಾದವರು, ಹಚ್ಚಿ ಫೇಲಾದವರು, ಹಚ್ಚದೆ ಪಾಸಾದವರು, ಹಚ್ಚದೆ ಫೇಲಾದವರು, ನಾಲ್ಕೂ ಬೇಕು. ಕ್ಯಾಂಟೀನ್‌ಗೆ ಬರುವುದು ಮೊದಲನೇ ಮನೆಯ ಕಥೆ ಮಾತ್ರ. ಫೇಲಾದವನು ತಾನು ದೀಪ ಹಚ್ಚಿದ್ದೆ ಅಂತ ಹೇಳಿಕೊಂಡು ತಿರುಗಲ್ಲ. ಹಾಗಂತ ದೀಪ ಹಚ್ಚಬೇಡಿ ಅಂತ ನಾವು ಹೇಳುತ್ತಿಲ್ಲ. ಅಮ್ಮ ಹಚ್ಚೋದು ಮನಸ್ಸಿನ ನೆಮ್ಮದಿಗೆ, ಅದಕ್ಕೆ ಯಾವ ಮ್ಯಾಟ್ರಿಕ್ಸೂ ಬೇಕಿಲ್ಲ. "ಇದೇ ಪ್ರೂಫ್" ಅಂದ ಕ್ಷಣದಿಂದ ಮಾತ್ರ ಲೆಕ್ಕ ಶುರು.

ಈಗ ನಕ್ಕವರ ಸರದಿ. ನಮ್ಮಲ್ಲೇ ವಿಚಾರವಾದಿಗಳು ಅಂತ ಕಾಲರ್ ಎತ್ತಿಕೊಂಡು ಓಡಾಡುವವರನ್ನು "ವಿಕಾಸವಾದಕ್ಕೆ ಒಂದು ಸಾಕ್ಷಿ ಹೇಳ್ರಪ್ಪಾ" ಅಂತ ಕೇಳಿದಾಗ ಬಂದ ಉತ್ತರ "ಸೈನ್ಸ್ ಪ್ರೂವ್ ಮಾಡಿದೆ". ಯಾರೋ ಹೇಳಿದರು, ನಾವು ನಂಬಿದೆವು. ಯಾವುದೋ ಬಾಬಾನ ಮೋಸದ ವಿಡಿಯೋ ಬಂದರೆ ಎಲ್ಲಿಯದು, ಯಾವಾಗಿನದು ಅಂತ ನೋಡದೆ ಗ್ರೂಪ್‌ಗೆ ಫಾರ್ವರ್ಡ್ ಮಾಡುವವರೂ ಇವರೇ. ವಿಷಯ ನಿಜವೇ ಇರಬಹುದು, ಆದರೆ ಅದನ್ನು ಒಪ್ಪಿಕೊಂಡ ರೀತಿ ಗೆಳೆಯನದ್ದಕ್ಕಿಂತ ಏನೂ ಬೇರೆ ಅಲ್ಲ.

ಡಾರ್ವಿನ್‌ಗೆ ಈ ಕಾಯಿಲೆ ಗೊತ್ತಿತ್ತು. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಸಿಕ್ಕ ತಕ್ಷಣ ಬರೆದಿಟ್ಟುಕೊಳ್ಳುತ್ತಿದ್ದೆ, ಯಾಕೆಂದರೆ ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1859ರಲ್ಲಿ ಬಂದ ಅವರ ಪುಸ್ತಕದಲ್ಲಿ ತಮ್ಮ ಸಿದ್ಧಾಂತದ ತೊಡಕುಗಳಿಗೇ ಒಂದು ಅಧ್ಯಾಯ ಇದೆ. ನಾವು ರಬ್ಬರ್ ಹುಡುಕುವ ಕಡೆ ಅವರು ಪೆನ್ ಹುಡುಕಿದರು.

ಅಷ್ಟು ದೂರ ಯಾಕೆ, ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಐದನೇ ಸ್ಟೇಷನ್ ನ್ಯಾಷನಲ್ ಕಾಲೇಜ್. ಆ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕು ಕಳೆದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದರು. ಪರೀಕ್ಷೆಗೆ ಒಪ್ಪಿಕೊಳ್ಳಿ ಅಂತ ಪುಟ್ಟಪರ್ತಿಯ ಸಾಯಿಬಾಬಾಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಎಚ್ಚೆನ್ ಕೇಳಿದ್ದು ದೊಡ್ಡದೇನಲ್ಲ. ಬೇರೆ ಎಲ್ಲದಕ್ಕೂ ಹಿಡಿಯುವ ಅಳತೆಗೋಲನ್ನು ಇದಕ್ಕೂ ಹಿಡಿಯೋಣ ಅಂದರು, ಅಷ್ಟೇ.

ಇದೆಲ್ಲ ಈಗ ಯಾಕೆ ಅಂತೀರಾ? ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡ ನಮ್ಮಂಥವರು ವಿಕಾಸವಾದವನ್ನು ಕೊನೆಯ ಸಲ ಓದಿದ್ದು ಹತ್ತನೇ ಕ್ಲಾಸಿನಲ್ಲಿ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ಪುಸ್ತಕದಿಂದ ಆ ಭಾಗವನ್ನೇ ತೆಗೆಯಿತು. ಮಕ್ಕಳ ಹೊರೆ ಇಳಿಸೋಕೆ ಅನ್ನೋದು ಅವರು ಕೊಟ್ಟ ಕಾರಣ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ಕ್ಲಾಸಿನ ಬಯಾಲಜಿಯಲ್ಲಿ ಪಾಠ ಇದೆ, ನಿಜ. ಆದರೆ ಬಯಾಲಜಿ ಬಿಟ್ಟು ಇಂಜಿನಿಯರಿಂಗ್‌ಗೆ ಬರುವ ಹುಡುಗ ಹುಡುಗಿಯರ ಕೈಗೆ ಸಾಕ್ಷಿ ತಲುಪುವುದೇ ಇಲ್ಲ. ಒಪ್ಪುವವರೂ ಕೇಳಿಕೊಂಡೇ ಒಪ್ಪುತ್ತಾರೆ, ಬಿಡುವವರೂ ಕೇಳಿಕೊಂಡೇ ಬಿಡುತ್ತಾರೆ. ಪಾಠ ವಾಪಸ್ ಬರಬೇಕು ಅನ್ನೋದು ನಮ್ಮ ಅಭಿಪ್ರಾಯ. ಡಾರ್ವಿನ್‌ನ ಭಕ್ತರಾಗೋಕೆ ಅಲ್ಲ, ಸಾಕ್ಷಿ ನೋಡಿ ಜಗಳ ಆಡೋಕೆ.

ಅಂದಹಾಗೆ, ಮುಂದಿನ ಸೆಮ್ ರಿಸಲ್ಟ್ ದಿನ ನಾಲ್ಕೂ ಮನೆ ತುಂಬಿಸೋಣ ಅಂತ ಗೆಳೆಯನ ಜೊತೆ ಒಪ್ಪಂದ ಆಗಿದೆ. ಅವನದ್ದೂ ಒಂದು ಕಂಡೀಶನ್ ಇದೆ: ಅಲ್ಲಿವರೆಗೆ ನಾವು ಚೆಕ್ ಮಾಡದೆ ಒಂದು ಫಾರ್ವರ್ಡ್ ಕೂಡ ಕಳಿಸಬಾರದು. ಒಪ್ಪಿಕೊಂಡಿದ್ದೇವೆ. ನಿಜ ಹೇಳಬೇಕಂದ್ರೆ, ನಮಗೇ ಕಷ್ಟ ಆಗ್ತಿದೆ.